ಝಟಕಾ ಮಷಿನ್‌ಗೆ ಸಾಮಾನು ಆರಿಸುವಾಗ

ಎರಡು ವರ್ಷದ ಹಿಂದಿನ ಎಳ್ಳಮಾವಾಸ್ಯೆ. ಚಿಂಚೋಳಿ ತಾಲ್ಲೂಕಿನಲ್ಲಿರುವ ಅಕ್ಕನ ಹೊಲದಲ್ಲಿ ಚರಗ ಚೆಲ್ಲಿ, ಬೇವಿನ ಗಿಡದ ಕೆಳಗೆ ಎಲ್ಲರೂ ಊಟಕ್ಕೆ ಕುಳಿತಿದ್ದೆವು. ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹಿಂಡಿ, ಕಡುಬು. ಒಂದು ಕಡೆ ತೊಗರಿ ಕಾಯಿ ಬಲಿತಿತ್ತು, ಇನ್ನೊಂದು ಕಡೆ ಬಿಳಿಜೋಳ ಸೀತನಿಗೆ ಬಂದಿತ್ತು. ಮಕ್ಕಳು ಬದುವಿನ ಗುಂಟ ಓಡಾಡುತ್ತಿದ್ದರು. ಇದ್ದಕ್ಕಿದ್ದಂತೆ ಒಂದು ಚೀರು ಕೇಳಿಸಿತು. ಅಕ್ಕನ ಮಗಳು ಬೇಲಿಯ ತಂತಿ ಮುಟ್ಟಿದ್ದಳು. ಆಗ ಅವಳಿಗೆ ಒಂಬತ್ತು ವರ್ಷ.

ಆ ಬೇಲಿಗೆ ಝಟಕಾ ಮಷಿನ್, ಅಂದರೆ ಹಂದಿ ಬೆದರಿಸಲು ತಂತಿಗೆ ಬಿಟ್ಟು ಬಿಟ್ಟು ಕರೆಂಟಿನ ಏಟು ಕೊಡುವ ಯಂತ್ರ, ಮಾಡಿಕೊಟ್ಟವನು ನಾನು. ಹಬ್ಬದ ದಿನ ಆಫ್ ಮಾಡಿ ಎಂದು ಹೇಳಿದ್ದೆ. ಗದ್ದಲದಲ್ಲಿ ಯಾರಿಗೂ ನೆನಪಿರಲಿಲ್ಲ, ನನಗೂ ಇರಲಿಲ್ಲ. ಓಡಿ ಹೋಗುವಷ್ಟರಲ್ಲಿ ಅವಳು ಕೈ ಕಿತ್ತುಕೊಂಡು ನೆಲದ ಮೇಲೆ ಕುಳಿತಿದ್ದಳು. ಅಳುತ್ತಾ ಹೇಳಿದಳು, "ಮಾಮಾ, ಯಾರೋ ಮೊಣಕೈಗೆ ಗುದ್ದಿದಂಗ ಆತು." ಅರ್ಧ ತಾಸಿನಲ್ಲಿ ಮತ್ತೆ ಕಡುಬು ತಿನ್ನುತ್ತಾ ಆಡುತ್ತಿದ್ದಳು. ನನ್ನ ಕೈ ಮಾತ್ರ ಸಂಜೆಯವರೆಗೂ ನಡುಗುತ್ತಿತ್ತು.

ಅವತ್ತು ಸಂಜೆ ಡಬ್ಬಿ ಬಿಚ್ಚುವ ಮೊದಲು ಸುಮ್ನೆ ಅದರ ಪಕ್ಕ ಕುಳಿತು ಸದ್ದು ಎಣಿಸಿದೆ. ಟಿಕ್, ಟಿಕ್, ಟಿಕ್. ಹತ್ತು ಸೆಕೆಂಡಿಗೆ ಇಪ್ಪತ್ತು ಸಲ. ನಾನು ಕೂರಿಸಿದ್ದು ಹತ್ತು ಸೆಕೆಂಡಿಗೆ ಎಂಟು ಸಲ. ಅಂದರೆ ಒಳಗೆ ಏನೋ ಕೆಟ್ಟಿತ್ತು, ಕೆಟ್ಟ ಮೇಲೂ ಮಷಿನ್ ನಡೆಯುತ್ತಲೇ ಇತ್ತು.

ಇದನ್ನು ಬರೆಯಲು ಕಾರಣ ಇದೆ. ನಮ್ಮ ಕಡೆಯ ಹುಡುಗರು, ಐಟಿಐ ಮುಗಿಸಿದವರು, ಡಿಪ್ಲೊಮಾ ಓದುವವರು, ಆಗಾಗ ಅಂಗಡಿಗೆ ಬಂದು ಕೇಳುತ್ತಾರೆ. "ಅಣ್ಣಾ, ಝಟಕಾ ಮಷಿನ್ ಮಾಡಬೇಕಂದ್ರ ಯಾವ ಸಾಮಾನ ಹಾಕ್ಬೇಕ್ರಿ?" ಸರ್ಕ್ಯೂಟ್ ಎಲ್ಲರ ಮೊಬೈಲ್‌ನಲ್ಲೂ ಇರುತ್ತದೆ. ಸಾಮಾನು ಆರಿಸುವುದು ಹೇಗೆ ಅನ್ನುವುದು ಅದರಲ್ಲಿ ಇರುವುದಿಲ್ಲ.

ನಮ್ಮದು ಕಲಬುರಗಿಯ ಹುಮನಾಬಾದ್ ಬೇಸ್ ಹತ್ತಿರ ಅಪ್ಪನ ಕಾಲದ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ ಮೋಟಾರ್ ಬಂದರೆ ಅಪ್ಪ ಮೊದಲು ಕವರ್ ಬಿಚ್ಚಿ ಸುರುಳಿ ನೋಡುತ್ತಾರೆ. ಒಂದು ಫೇಸ್ ಹೋಗಿ ಎರಡರ ಮೇಲೆ ಓಡಿದ, ಸ್ಟಾರ್ ಜೋಡಣೆಯ ಮೂರು ಫೇಸ್ ಮೋಟಾರ್ ಆದರೆ ಎರಡು ಫೇಸಿನ ಸುರುಳಿ ಕರ್ರಗೆ ಸುಟ್ಟಿರುತ್ತದೆ, ಮೂರನೆಯದು ಹೊಸದರ ಹಾಗೆ ಹೊಳೆಯುತ್ತಿರುತ್ತದೆ. ಓವರ್‌ಲೋಡ್ ಆಗಿದ್ದರೆ ಎಲ್ಲಾ ಒಂದೇ ಸಮ ಕಪ್ಪು. ಹೇಗೆ ಸತ್ತಿದೆ ನೋಡಿದರೆ ಯಾಕೆ ಸತ್ತಿತು ಗೊತ್ತಾಗುತ್ತದೆ. ನಾನು ಅದನ್ನೇ ತಿರುಗಿಸಿ ಇಟ್ಟುಕೊಂಡಿದ್ದೇನೆ. ಯಾವ ಸಾಮಾನು ಕೈಗೆ ತೆಗೆದುಕೊಂಡರೂ ಮೊದಲು ಕೇಳುವುದು, ಇದು ಕೆಟ್ಟರೆ ಹೇಗೆ ಕೆಡುತ್ತದೆ? ಕೆಟ್ಟಾಗ ಬೇಲಿ ಸುಮ್ಮನಾಗುತ್ತದೋ, ಹುಚ್ಚು ಹಿಡಿಯುತ್ತದೋ?

ಮುಂದೆ ಹೋಗುವ ಮೊದಲು ಒಂದು ಮಾತು. ಲೈನ್ ಕರೆಂಟ್ ನೇರವಾಗಿ ತಂತಿಗೆ ಬಿಡುವುದು ಬೇಲಿ ಅಲ್ಲ, ಕೊಲೆ. ಹಂದಿ ಅಷ್ಟೇ ಅಲ್ಲ, ರಾತ್ರಿ ನೀರು ಬಿಡಲು ಹೋದ ರೈತನೂ ಸಾಯುತ್ತಾನೆ, ಎತ್ತೂ ಸಾಯುತ್ತದೆ. ಕಾನೂನಿನಲ್ಲೂ ಅದು ಅಪರಾಧ. ಮನೆಯ 230 ವೋಲ್ಟ್ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತಾ ಬಿಡದೆ ಹರಿಯುತ್ತದೆ. ಹಿಡಿದ ಕೈಯ ಸ್ನಾಯು ಬಿಗಿಯಾಗುತ್ತದೆ, ಬಿಡಲು ಆಗುವುದಿಲ್ಲ, ಎದೆಬಡಿತ ತಪ್ಪುತ್ತದೆ. ಝಟಕಾ ಮಷಿನ್ 5-6 ಸಾವಿರ ವೋಲ್ಟ್ ಕೊಟ್ಟರೂ ಅದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕಿಂತ ಕಡಿಮೆ ಹೊತ್ತು. ಆಮೇಲೆ ಒಂದು ಸೆಕೆಂಡ್ ಆಸುಪಾಸು ಪೂರ್ತಿ ಬಿಡುವು. ಆ ಬಿಡುವಿನಲ್ಲೇ ಕೈ ಬಿಡಿಸಿಕೊಳ್ಳುವುದು. ಅಂತರರಾಷ್ಟ್ರೀಯ ನಿಯಮ ಐಇಸಿ 60335-2-76 ಹೇಳುವುದೂ ಇದನ್ನೇ. 500 ಓಮ್ ತಡೆಯ ಲೋಡಿಗೆ ಒಂದು ಏಟಿನಲ್ಲಿ ಹೋಗುವ ಶಕ್ತಿ 5 ಜೂಲ್ ಮೀರಬಾರದು, ಏಟಿನ ನಡುವೆ ಬಿಡುವು ಇರಲೇಬೇಕು. ನಾನು ಮಾಡಿದ್ದು ಒಂದು ಜೂಲ್ ಸುತ್ತಮುತ್ತಲಿನದು. ದಾರಿ ಪಕ್ಕದ ಹೊಲಕ್ಕೆ, ಬೇರೆಯವರಿಗೆ ಮಾರಲು, ನಾನು ಮಾಡಿಕೊಡುವುದಿಲ್ಲ. ಅಂಥವರಿಗೆ ಪರೀಕ್ಷೆ ಆಗಿ ಮುದ್ರೆ ಬಿದ್ದ ಮಷಿನ್ ಕೊಳ್ಳಿ ಎಂದೇ ಹೇಳುತ್ತೇನೆ.

ಮಷಿನ್ ಕೆಲಸ ಮಾಡುವ ಬಗೆ ಸರಳ. 12 ವೋಲ್ಟ್ ಬ್ಯಾಟರಿಯನ್ನು ಸಣ್ಣ ಇನ್ವರ್ಟರ್ ಒಂದು ನಾನ್ನೂರು-ಐನೂರು ವೋಲ್ಟ್‌ಗೆ ಏರಿಸುತ್ತದೆ. ಅದು ನಿಧಾನವಾಗಿ ಒಂದು ದೊಡ್ಡ ಕೆಪಾಸಿಟರ್ ತುಂಬುತ್ತದೆ, ಕೊಡಕ್ಕೆ ಸಣ್ಣ ನಳದಿಂದ ನೀರು ತುಂಬಿದ ಹಾಗೆ. ಟೈಮರ್ ಹೇಳಿದಾಗ ಎಸ್‌ಸಿಆರ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಬಾಗಿಲು ತೆರೆಯುತ್ತದೆ. ಕೊಡದ ನೀರೆಲ್ಲಾ ಒಮ್ಮೆಲೇ ಟ್ರಾನ್ಸ್‌ಫಾರ್ಮರ್‌ಗೆ ಸುರಿಯುತ್ತದೆ, ಅಲ್ಲಿಂದ ಹದಿನಾರು ಪಟ್ಟು ಏರಿ ತಂತಿಗೆ ಹೋಗುತ್ತದೆ.

ಮೊದಲು ಆ ಕೊಡ. ನಾನು ಮೊದಲು ತಪ್ಪಿದ್ದೂ ಇಲ್ಲೇ. ಮೊದಲ ಮಷಿನ್‌ಗೆ ಅಂಗಡಿಯಲ್ಲಿ ರಾಶಿ ಬಿದ್ದಿದ್ದ ಫ್ಯಾನ್ ಕೆಪಾಸಿಟರ್ ಹಾಕಿದ್ದೆ. 2.5 ಮೈಕ್ರೋಫ್ಯಾರಡ್ (ಕೊಡ ಎಷ್ಟು ಹಿಡಿಯುತ್ತದೆ ಎನ್ನುವ ಅಳತೆ), 440 ವೋಲ್ಟ್ ಎಸಿ. ನಾಲ್ಕನ್ನು ಜೋಡಿಸಿದರೆ 10 ಮೈಕ್ರೋಫ್ಯಾರಡ್. ವೋಲ್ಟೇಜ್ ಲೆಕ್ಕ ಸರಿ ಇದೆ, ಮೈಕ್ರೋಫ್ಯಾರಡ್ ಲೆಕ್ಕ ಸರಿ ಇದೆ, ಸಿಗುವುದೂ ಸುಲಭ. ಎಂಟು ತಿಂಗಳ ಮೇಲೆ ಬಿಚ್ಚಿ ಅಳೆದರೆ ಒಂದು 1.9, ಒಂದು 1.6, ಇನ್ನೆರಡು ಒಂದೂವರೆಗಿಂತ ಕೆಳಗೆ. ಒಂದೂ ಉಬ್ಬಿರಲಿಲ್ಲ, ಸೋರಿರಲಿಲ್ಲ. ಹೊರಗಿನಿಂದ ಹೊಸದರ ಹಾಗೇ ಇದ್ದವು.

ಒಂದನ್ನು ಗರಗಸದಿಂದ ಕೊಯ್ದು ನೋಡಿದೆ. ಒಳಗೆ ಪ್ಲಾಸ್ಟಿಕ್ ಹಾಳೆಯ ಸುರುಳಿ. ಹಾಳೆಯ ಮೇಲೆ ಲೋಹದ ಲೇಪ, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳು. ಸುರುಳಿಯ ಎರಡು ತುದಿಗೆ ಲೋಹ ಸಿಂಪಡಿಸಿ ಅದಕ್ಕೆ ವೈರ್ ಬೆಸೆದಿರುತ್ತಾರೆ. ತುದಿಯ ಆ ಸಿಂಪಡಿಕೆ ಮತ್ತು ಹಾಳೆಯ ಲೇಪ ಕೂಡುವ ಅಂಚಿನಲ್ಲಿ ಅಲ್ಲಲ್ಲಿ ಲೇಪ ಸುಟ್ಟು ಬಿಟ್ಟುಹೋಗಿತ್ತು. ಫ್ಯಾನ್‌ನಲ್ಲಿ ಈ ಕೆಪಾಸಿಟರ್ ಮೂಲಕ ಹರಿಯುವುದು 0.2 ಆಂಪಿಯರ್ ಸುತ್ತಮುತ್ತ, ಅದೂ ನಯವಾಗಿ ಏರಿ ಇಳಿಯುವ ಕರೆಂಟ್. ನನ್ನ ಮಷಿನ್‌ನಲ್ಲಿ ಪ್ರತಿ ಏಟಿಗೂ ನೂರರ ಹತ್ತಿರ ಆಂಪಿಯರ್. ನಾಲ್ಕು ಹಂಚಿಕೊಂಡರೂ ಒಂದಕ್ಕೆ 25. ಆ ಅಂಚು ತಡೆಯುವುದಾದರೂ ಹೇಗೆ?

ಅಂದಿನಿಂದ ಕೆಪಾಸಿಟರ್ ಕೊಳ್ಳುವಾಗ ಮೈಕ್ರೋಫ್ಯಾರಡ್, ವೋಲ್ಟ್ ನೋಡಿ ಬಿಡುವುದಿಲ್ಲ. ಒಂದು ಮೈಕ್ರೋಸೆಕೆಂಡಿಗೆ ಎಷ್ಟು ವೋಲ್ಟ್ ಬದಲಾವಣೆ ತಡೆಯುತ್ತದೆ ಎಂದು ಕಂಪನಿಯ ಮಾಹಿತಿ ಹಾಳೆಯಲ್ಲಿ (ಡೇಟಾಶೀಟ್) ಬರೆದಿರುತ್ತದೆ, ಅದನ್ನು ನೋಡುತ್ತೇನೆ. ಪಲ್ಸ್ ಕೆಲಸಕ್ಕೆಂದೇ ಮಾಡಿದ ಪಾಲಿಪ್ರೊಪಿಲೀನ್ ಕೆಪಾಸಿಟರ್ ಬೇಕು. ಫ್ಯಾನ್‌ನವು ನಾಲ್ಕರ ಬೆಲೆಗಿಂತ ಜಾಸ್ತಿಯೇ ಬೀಳುತ್ತದೆ, ಬೀಳಲಿ. ಒಳಗೆ ರಸ ಇರುವ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಇಲ್ಲಿ ಬೇಡವೇ ಬೇಡ. ಏಟು ಹೊಡೆದಾಗ ವೋಲ್ಟೇಜ್ ಒಂದು ಕ್ಷಣ ಉಲ್ಟಾ ಆಗುತ್ತದೆ, ಎಲೆಕ್ಟ್ರೋಲೈಟಿಕ್‌ಗೆ ಅದು ವಿಷ. ಒಳಗೆ ಬಿಸಿಯೂ ಆಗುತ್ತದೆ.

ವೋಲ್ಟ್ ಆರಿಸುವುದರಲ್ಲಿ ಇನ್ನೊಂದು ಸಂಗತಿ ಇದೆ. ನನ್ನ ಇನ್ವರ್ಟರ್‌ಗೆ ಹಳೆ ಬ್ಯಾಟರಿ ಎಲಿಮಿನೇಟರ್‌ನ 12-0-12 ಟ್ರಾನ್ಸ್‌ಫಾರ್ಮರ್ ಉಲ್ಟಾ ಹಾಕಿದ್ದೇನೆ, 4047 ಐಸಿ ಮತ್ತು ಎರಡು ಮಾಸ್‌ಫೆಟ್ ಅದನ್ನು ಸೆಕೆಂಡಿಗೆ 100 ಸಲದಂತೆ ಓಡಿಸುತ್ತವೆ. ಆಚೆ 230 ವೋಲ್ಟ್ ಚೌಕ ಅಲೆ ಬರುತ್ತದೆ, ಡಬ್ಲರ್ ಅದನ್ನು 460 ಮಾಡುತ್ತದೆ. ಇದು ರಾತ್ರಿಯ ಲೆಕ್ಕ. ಮಧ್ಯಾಹ್ನ ಸೋಲಾರ್ ಪ್ಯಾನೆಲ್ ಬ್ಯಾಟರಿಯನ್ನು 14.4 ವೋಲ್ಟ್‌ಗೆ ಏರಿಸಿರುತ್ತದೆ. ಆಗ ಅದೇ ಲೆಕ್ಕ 550 ದಾಟುತ್ತದೆ. ರಾತ್ರಿ ಅಳೆದು 500 ವೋಲ್ಟಿನ ಕೆಪಾಸಿಟರ್ ಸಾಕು ಅಂದುಕೊಂಡವರು ಬೇಸಿಗೆ ಮಧ್ಯಾಹ್ನ ಕಳೆದುಕೊಳ್ಳುತ್ತಾರೆ. ನಾನು 1000 ವೋಲ್ಟ್‌ನದು ಹಾಕುತ್ತೇನೆ. ಫಿಲ್ಮ್ ಕೆಪಾಸಿಟರ್ ಸಾಮಾನ್ಯವಾಗಿ ಸ್ವಲ್ಪ ಸ್ವಲ್ಪವೇ ಕುಗ್ಗುತ್ತಾ ಹೋಗುತ್ತದೆ. ಅಂದರೆ ಬೇಲಿ ಮೆತ್ತಗಾಗುತ್ತದೆ, ಜಾಸ್ತಿ ಆಗುವುದಿಲ್ಲ. ಹಾಗೆ ಕೆಟ್ಟರೆ ನನಗೆ ಚಿಂತೆ ಇಲ್ಲ.

ಈಗ ನಮ್ಮ ಹುಡುಗಿಯ ಕೈಯನ್ನು ಉಳಿಸಿದ ಸಾಮಾನಿನ ಬಗ್ಗೆ. ಡಬ್ಲರ್‌ನಲ್ಲಿ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ. ಟ್ರಾನ್ಸ್‌ಫಾರ್ಮರ್‌ನಿಂದ ಕೊಡಕ್ಕೆ ಹೋಗುವ ಪ್ರತಿ ಹನಿಯೂ ಅದರ ಮೂಲಕವೇ ದಾಟಬೇಕು. ಹಳೆಯ ಇಂಡಕ್ಷನ್ ಒಲೆಯಿಂದ ಕಿತ್ತ 0.27 ಮೈಕ್ರೋಫ್ಯಾರಡ್, 1200 ವೋಲ್ಟಿನದನ್ನು ಅಲ್ಲಿ ಹಾಕಿದ್ದೆ. ಗುಜರಿಯಲ್ಲಿ ಸಿಗುವ ಅತಿ ಒಳ್ಳೆಯ ಕೆಪಾಸಿಟರ್ ಅದು, ಜೋರು ಕರೆಂಟಿಗೆಂದೇ ಮಾಡಿದ್ದು. ಇದನ್ನು 1 ಅಥವಾ 2 ಮೈಕ್ರೋಫ್ಯಾರಡ್ ಮಾಡಿದರೆ ಕೊಡ ಬೇಗ ತುಂಬುತ್ತದೆ, ಸರ್ಕ್ಯೂಟ್‌ಗಳಲ್ಲಿ ಹಾಗೇ ತೋರಿಸುತ್ತಾರೆ. ನಾನು ಬೇಕೆಂದೇ ಸಣ್ಣದು ಹಾಕಿದೆ. ಸಣ್ಣದಾದರೆ ಸೆಕೆಂಡಿಗೆ ದಾಟುವ ಶಕ್ತಿಗೆ ಲಗಾಮು ಬೀಳುತ್ತದೆ. ನನ್ನ ಲೆಕ್ಕದಲ್ಲಿ ಬ್ಯಾಟರಿ 14.4 ವೋಲ್ಟ್ ಇದ್ದಾಗಲೂ ಸುಮಾರು 2 ವ್ಯಾಟ್, ಅಂದರೆ ಸೆಕೆಂಡಿಗೆ 2 ಜೂಲ್. ಟೈಮರ್ ಎಷ್ಟೇ ಹುಚ್ಚೆದ್ದರೂ ಅದಕ್ಕಿಂತ ಜಾಸ್ತಿ ತಂತಿಗೆ ಹೋಗುವ ದಾರಿಯೇ ಇಲ್ಲ.

ಅವತ್ತು ಆಗಿದ್ದೂ ಅದೇ. ಏಟುಗಳು ಎರಡೂವರೆ ಪಟ್ಟು ಬೇಗ ಬೀಳುತ್ತಿದ್ದವು. ಆದರೆ ನಡುವೆ ಕೊಡ ಪೂರ್ತಿ ತುಂಬಲು ಸಮಯ ಇರಲಿಲ್ಲ. ಸರಿ ಇದ್ದಾಗ ಏಟಿಗೆ ಒಂದು ಜೂಲ್ ಇದ್ದದ್ದು ಸುಮಾರು 0.6ಕ್ಕೆ ಇಳಿದಿತ್ತು. ಅಕ್ಕನ ಮನೆಯ ಮಾವ ಅದಕ್ಕೂ ಹದಿನೈದು ದಿನ ಮೊದಲೇ ಫೋನ್‌ನಲ್ಲಿ ಹೇಳಿದ್ದರು, "ಮಷಿನ್ ಟಿಕ್ ಟಿಕ್ ಅಂತದ, ಆದ್ರೂ ಹಂದಿ ಬರ್ಲಕತ್ಯಾವ ನೋಡು." ಬೇಲಿಗೆ ಹುಲ್ಲು ತಾಗಿರಬಹುದು, ಕೊಯ್ಯಿರಿ ಎಂದು ಹೇಳಿ ಸುಮ್ಮನಾಗಿದ್ದೆ. ಅವತ್ತೇ ಹೋಗಿ ಎಣಿಸಬೇಕಾಗಿತ್ತು.

ಕೆಟ್ಟಿದ್ದು ಯಾವುದು ಗೊತ್ತಾ? ಏಟಿನ ಹೊತ್ತು ಎಣಿಸುವ 555 ಟೈಮರ್ ಐಸಿಯ ಪಕ್ಕದ ಒಂದು ಪುಟ್ಟ ಎಲೆಕ್ಟ್ರೋಲೈಟಿಕ್. ಮೇಲೆ 47 ಮೈಕ್ರೋಫ್ಯಾರಡ್ ಎಂದು ಬರೆದಿದೆ, ಮೀಟರ್ 19 ತೋರಿಸಿತು. ತಗಡಿನ ಡಬ್ಬಿಯನ್ನು ಬಿಸಿಲು ಬೀಳುವ ಕಂಬಕ್ಕೆ ಹೊಡೆದಿದ್ದೆ. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಹೊರಗೇ 42-43 ಡಿಗ್ರಿ. ಬಿಸಿಲಿಗೆ ಕಾದ ತಗಡಿನ ಒಳಗೆ ಕೈ ಇಡಲು ಆಗುವುದಿಲ್ಲ. ಹತ್ತು ಡಿಗ್ರಿ ಏರಿದರೆ ಎಲೆಕ್ಟ್ರೋಲೈಟಿಕ್ ಆಯುಷ್ಯ ಅರ್ಧ ಆಗುತ್ತದೆ ಎನ್ನುವುದು ರಿಪೇರಿಯವರ ಹಳೆ ಲೆಕ್ಕ. ಅದು 85 ಡಿಗ್ರಿಯ ಅಗ್ಗದ ಮಾಲು. ಎರಡು ಬೇಸಿಗೆಗೆ ಒಳಗಿನ ರಸ ಒಣಗಿತ್ತು. ಒಣಗಿದ ಹಾಗೆಲ್ಲಾ ಟೈಮರ್ ಬೇಗ ಬೇಗ ಹೊಡೆಯತೊಡಗಿತು. ಮಷಿನ್‌ನಲ್ಲೇ ಅತಿ ಅಗ್ಗದ ಸಾಮಾನು ಮನುಷ್ಯ ಕೈ ಬಿಡಿಸಿಕೊಳ್ಳುವ ಬಿಡುವನ್ನು ನುಂಗಿಹಾಕಿತ್ತು.

ಈಗ ಅಲ್ಲಿ ಎಲೆಕ್ಟ್ರೋಲೈಟಿಕ್ ಇಲ್ಲ. 555 ಬದಲು ಅದರ ಸಿಮಾಸ್ (CMOS) ಜಾತಿಯ ತಮ್ಮ 7555 ಹಾಕಿದೆ. ಅದು ಎಳೆದುಕೊಳ್ಳುವ ಕರೆಂಟ್ ತೀರಾ ಕಡಿಮೆ, ಹಾಗಾಗಿ ದೊಡ್ಡ ರೆಸಿಸ್ಟರ್, ಸಣ್ಣ ಕೆಪಾಸಿಟರ್ ಸಾಕು. 1 ಮೈಕ್ರೋಫ್ಯಾರಡ್ ಪಾಲಿಯೆಸ್ಟರ್, ಒಂದೂವರೆ ಮೆಗಾಓಮ್ ಮತ್ತು 100 ಕಿಲೋಓಮ್. 1.2 ಸೆಕೆಂಡಿಗೆ ಸರಿಯಾಗಿ ಬರುತ್ತದೆ. ಪಾಲಿಯೆಸ್ಟರ್‌ನಲ್ಲಿ ಒಣಗಲು ರಸವೇ ಇಲ್ಲ. ಡಬ್ಬಿಯನ್ನೂ ಪಂಪ್ ಮನೆಯ ಉತ್ತರದ ಗೋಡೆಗೆ, ನೆರಳಿಗೆ ತಂದೆ.

ಎಸ್‌ಸಿಆರ್ ಬಗ್ಗೆ. ಎಲ್ಲರೂ ಮೊದಲು ಹಾಕುವುದು ಬಿಟಿ151 ಅಥವಾ ಟಿವೈಎನ್612. ಎರಡೂ 12 ಆಂಪಿಯರ್‌ನವು, ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಅಂಗಡಿಗಳಲ್ಲೇ ಸಿಗುತ್ತವೆ. ಕೆಲಸ ಮಾಡುತ್ತವೆ, ಆದರೆ ಕರೆಂಟ್ ಗಕ್ಕನೆ ಏರುವ ಜಾಗದಲ್ಲಿ ಇವುಗಳಿಗೆ ಜಾಸ್ತಿ ಉಸಿರಿಲ್ಲ. ಬಾಗಿಲು ಪೂರ್ತಿ ತೆರೆಯುವ ಮೊದಲೇ ಕರೆಂಟ್ ನುಗ್ಗಿದರೆ ಗೇಟ್ (ಬಾಗಿಲು ತೆರೆಯಲು ಸಂಕೇತ ಕೊಡುವ ಕಾಲು) ಪಕ್ಕದ ಚೂರು ಜಾಗ ಸುಡುತ್ತದೆ. ನಾನು ಈಗ 25ಟಿಟಿಎಸ್12 ಹಾಕುತ್ತೇನೆ, 25 ಆಂಪಿಯರ್, 1200 ವೋಲ್ಟ್. ಅದರ ಜೊತೆ ಗೇಟಿಗೆ ಗಟ್ಟಿ ಕಿಡಿ ಕೊಡಬೇಕು. ಮೆಲ್ಲಗೆ ತಟ್ಟಿದರೆ ಬಾಗಿಲು ಮೆಲ್ಲಗೆ ತೆರೆಯುತ್ತದೆ, ಅದೇ ಅದರ ಸಾವು. ಎಸ್‌ಸಿಆರ್ ಸತ್ತರೆ ಸಾಮಾನ್ಯವಾಗಿ ಶಾರ್ಟ್ ಆಗುತ್ತದೆ. ಈ ಸರ್ಕ್ಯೂಟಿನಲ್ಲಿ ಅದು ಒಳ್ಳೆಯ ಸಾವು. ಶಾರ್ಟ್ ಆದರೆ ಕೊಡ ತುಂಬುವುದೇ ಇಲ್ಲ, ಬೇಲಿ ಮೌನ.

ಈ ಎಸ್‌ಸಿಆರ್ ಕಲಬುರಗಿಯಲ್ಲಿ ಸಿಗಲಿಲ್ಲ. ಬೆಳಿಗ್ಗೆ ರೈಲು ಹತ್ತಿ ವಾಡಿ, ತಾಂಡೂರು ದಾಟಿ ಹೈದರಾಬಾದಿಗೆ ಹೋದೆ. ಕೋಠಿಯ ಗುಜರಾತಿ ಗಲ್ಲಿಯಲ್ಲಿ ಎಲೆಕ್ಟ್ರಾನಿಕ್ಸ್ ಸಾಮಾನಿನ ಅಂಗಡಿಗಳು ಸಾಲಾಗಿವೆ. ಹಾಗೆಂದು ಅಲ್ಲಿ ಸಿಕ್ಕಿದ್ದೆಲ್ಲಾ ಅಸಲಿ ಅಲ್ಲ. ಸಣ್ಣ ಮಾಲಿನ ಮೇಲೆ ದೊಡ್ಡ ನಂಬರ್ ಹೊಡೆದು ಮಾರುವುದು ಎಲ್ಲಾ ಊರಲ್ಲೂ ಇದೆ. ಹತ್ತಿಗೆ ಥಿನ್ನರ್ ಹಾಕಿ ಅಕ್ಷರ ಉಜ್ಜುತ್ತೇನೆ. ಅಳಿಸಿಹೋದರೆ ಅಲ್ಲಿಗೇ ಬಿಡುತ್ತೇನೆ. ಹಿಂದಿನ ತಾಮ್ರದ ತಗಡು ಎಷ್ಟು ದಪ್ಪ ಇದೆ, ಉಳಿದವುಗಳ ಜೊತೆ ಹಿಡಿದು ನೋಡುತ್ತೇನೆ.

ಮನೆಗೆ ತಂದ ಮೇಲೆ ನಿಜವಾದ ಪರೀಕ್ಷೆ. ಅಪ್ಪನ ಹತ್ತಿರ ಕೈಯಿಂದ ತಿರುಗಿಸುವ ಮೆಗ್ಗರ್ ಇದೆ, ಮೋಟಾರ್ ಇನ್ಸುಲೇಷನ್ ನೋಡುವುದು, 1000 ವೋಲ್ಟಿನದು. ಗೇಟನ್ನು ಕ್ಯಾಥೋಡಿಗೆ ಸೇರಿಸಿ, ಆನೋಡಿಗೂ ಕ್ಯಾಥೋಡಿಗೂ ಮೆಗ್ಗರ್ ಹಚ್ಚಿ ಅಪ್ಪ ಹ್ಯಾಂಡಲ್ ತಿರುಗಿಸುತ್ತಾರೆ. ಅಸಲಿ 1200 ವೋಲ್ಟಿನದಾದರೆ ಮುಳ್ಳು ಮೇಲೆ ಹೋಗಿ ನಿಲ್ಲುತ್ತದೆ. ಒಂದು ಸಲ ಐದರಲ್ಲಿ ಎರಡರ ಮುಳ್ಳು ಕೆಳಗೆ ಬಿತ್ತು. "ಇವು ಆರನೂರಿನವು ಇರಬೇಕು ತಮ್ಮಾ, ಬೋರ್ಡಿಗೆ ಮುಟ್ಟಿಸಬ್ಯಾಡ," ಎಂದು ಅಪ್ಪ ಬೇರೆ ಡಬ್ಬಿಗೆ ಹಾಕಿದರು. ಇಂಥ ಕೆಲಸಕ್ಕೆ ಮೋಟಾರ್ ಅಂಗಡಿಗಿಂತ ಒಳ್ಳೆಯ ಲ್ಯಾಬ್ ನನಗೆ ಗೊತ್ತಿಲ್ಲ.

ಡಯೋಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೆಕೆಂಡಿಗೆ 100 ಸಲದ ಇನ್ವರ್ಟರ್ ಆದರೆ ಸಾದಾ 1ಎನ್4007 ಸಾಕು. ಫೆರೈಟ್ ಟ್ರಾನ್ಸ್‌ಫಾರ್ಮರ್ ಹಾಕಿ ಸಾವಿರಗಟ್ಟಲೆ ಸಲ ಓಡಿಸುವವರು ಯುಎಫ್4007 ತರಲಿ, ಇಲ್ಲದಿದ್ದರೆ ಡಯೋಡ್ ಮುಟ್ಟಲಾಗದಷ್ಟು ಕಾಯುತ್ತದೆ. ಏಟು ಏರಿಸುವ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿ (ಕೊಡದ ಕಡೆಯ) ಸುರುಳಿಗೆ ಅಡ್ಡಲಾಗಿ ಒಂದು 1ಎನ್5408 ಇರಲಿ, ಉಲ್ಟಾ ವೋಲ್ಟೇಜ್ ಅದು ನುಂಗಿಕೊಳ್ಳುತ್ತದೆ.

ರೆಸಿಸ್ಟರ್‌ಗೂ ವೋಲ್ಟೇಜ್ ಮಿತಿ ಇದೆ ಎನ್ನುವುದು ತುಂಬಾ ಜನರಿಗೆ ಗೊತ್ತಿಲ್ಲ. ಕಾಲು ವ್ಯಾಟಿನ ಸಾದಾ ರೆಸಿಸ್ಟರ್ ಸಾಮಾನ್ಯವಾಗಿ 250 ವೋಲ್ಟ್‌ವರೆಗೆ ಮಾತ್ರ. ಬಿಸಿ ಆಗದಿದ್ದರೂ ಒಳಗೇ ಕಿಡಿ ಹಾರಿ ನಿಧಾನವಾಗಿ ಕಡಿದುಹೋಗುತ್ತದೆ. ಕೊಡ ಖಾಲಿ ಮಾಡುವ ರೆಸಿಸ್ಟರ್ ಜಾಗಕ್ಕೆ ಇದು ಬಹಳ ಮುಖ್ಯ. ಅದು ಕಡಿದರೆ ಸ್ವಿಚ್ ಆಫ್ ಮಾಡಿದ ಮೇಲೂ 440 ವೋಲ್ಟ್ ಒಳಗೆ ಕಾದು ಕುಳಿತಿರುತ್ತದೆ, ಬಿಚ್ಚಿದವನಿಗೆ ಹೊಡೆಯುತ್ತದೆ. ನಾನು 1 ಮೆಗಾಓಮ್‌ನವು ಮೂರನ್ನು ಸಾಲಾಗಿ ಹಾಕಿ, ಅಂಥದೇ ಇನ್ನೊಂದು ಸಾಲನ್ನು ಪಕ್ಕಕ್ಕೆ ಕೊಡುತ್ತೇನೆ. ಒಂದು ಸಾಲು ಕಡಿದರೂ ಇನ್ನೊಂದು ಎರಡೂವರೆ ನಿಮಿಷದಲ್ಲಿ ಖಾಲಿ ಮಾಡುತ್ತದೆ. ಇಷ್ಟಾದರೂ ಕೈ ಹಾಕುವ ಮೊದಲು ಉದ್ದ ಹಿಡಿಕೆಗೆ ಕಟ್ಟಿದ 1 ಕಿಲೋಓಮ್, 10 ವ್ಯಾಟಿನ ರೆಸಿಸ್ಟರ್‌ನಿಂದ ಎರಡು ತುದಿ ಮುಟ್ಟಿಸುತ್ತೇನೆ, ಮೀಟರ್ ಹಿಡಿದು ಸೊನ್ನೆ ನೋಡುತ್ತೇನೆ. ಒಂದು ಕೈ ಬೆನ್ನ ಹಿಂದೆ. ಅಪ್ಪ ಕಲಿಸಿದ್ದು.

ಟ್ರಾನ್ಸ್‌ಫಾರ್ಮರ್ ವಿಷಯಕ್ಕೆ ಬಂದರೆ ಹುಡುಗರು ಕೇಳುವ ಪ್ರಶ್ನೆ ಎರಡೇ. ಹಳೆ ಟಿವಿಯ ಎಲ್‌ಓಟಿ (ಪಿಕ್ಚರ್ ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್) ನಡೆಯುತ್ತದಾ? ಕಾರಿನ ಇಗ್ನಿಷನ್ ಕಾಯಿಲ್ ನಡೆಯುತ್ತದಾ? ಎಲ್‌ಓಟಿ ವೋಲ್ಟೇಜ್ ಏನೋ ಇಪ್ಪತ್ತು ಸಾವಿರ ಕೊಡುತ್ತದೆ, ಆದರೆ ಹಿಂದೆ ಜೋರಿಲ್ಲ. ಇಗ್ನಿಷನ್ ಕಾಯಿಲ್ ಮೇಜಿನ ಮೇಲೆ ಚಂದ ಕಿಡಿ ಹಾರಿಸುತ್ತದೆ. ಅದರ ಸೆಕೆಂಡರಿ ಕೂದಲಿನಷ್ಟು ತೆಳು ತಂತಿ, ಸಾವಿರಾರು ಓಮ್ ರೆಸಿಸ್ಟೆನ್ಸ್. ಮಳೆಗಾಲದಲ್ಲಿ ಹಸಿ ಹುಲ್ಲು ತಂತಿಗೆ ತಾಗಿತೋ, ವೋಲ್ಟೇಜ್ ಎಲ್ಲಾ ಕಾಯಿಲ್ ಒಳಗೇ ಮುಗಿದುಹೋಗುತ್ತದೆ. ನ್ಯೂಜಿಲೆಂಡ್‌ನಲ್ಲಿ ಬಿಲ್ ಗ್ಯಾಲಘರ್ 1930ರ ದಶಕದಲ್ಲೇ ಕರೆಂಟ್ ಬೇಲಿ ಮಾಡಿದ್ದರು. ಹುಲ್ಲು ತಾಗಿದರೂ ಸಾಯದ ಬೇಲಿ ಬಂದಿದ್ದು 1962ರಲ್ಲಿ, ಅಲ್ಲಿನ ರುವಾಕುರಾ ಕೃಷಿ ಸಂಶೋಧನಾ ಕೇಂದ್ರದ ಡಗ್ ಫಿಲಿಪ್ಸ್ ಕೆಪಾಸಿಟರ್‌ನಿಂದ ಒಮ್ಮೆಲೇ ಸುರಿಯುವ ಮಷಿನ್ ಮಾಡಿದಾಗ. ನಾವು ಮಾಡುತ್ತಿರುವುದೂ ಅದೇ ಜಾತಿಯದು.

ಹಾಗಾಗಿ ನಮ್ಮ ಟ್ರಾನ್ಸ್‌ಫಾರ್ಮರ್ ನಾವೇ ಸುತ್ತಿದೆವು. ಪ್ರೈಮರಿ 60 ಸುತ್ತು ದಪ್ಪ ತಂತಿ, ಸೆಕೆಂಡರಿ 960 ಸುತ್ತು. ಸೆಕೆಂಡರಿಯನ್ನು ಅಪ್ಪ ಒಂದೇ ಗುಡ್ಡೆಯಾಗಿ ಸುತ್ತಲು ಬಿಡಲಿಲ್ಲ. ಪದರಕ್ಕೊಂದು ಮೈಲಾರ್ ಹಾಳೆ, ಹಾಳೆಯ ಅಂಚು ತಂತಿಗಿಂತ ಎರಡೂ ಕಡೆ ಮೂರು ಮಿಲಿಮೀಟರ್ ಆಚೆ. ಬೆರಳಿನಿಂದ ಪ್ರತಿ ಹಾಳೆಯ ಸುಕ್ಕು ತೀಡುತ್ತಾ ಸುತ್ತಿದರು. ಎಪ್ಪತ್ತು ವರ್ಷದ ಕೈ, ಒಂದು ಸುತ್ತೂ ಇನ್ನೊಂದರ ಮೇಲೆ ಏರಲಿಲ್ಲ. ಪ್ರೈಮರಿಗೂ ಸೆಕೆಂಡರಿಗೂ ನಡುವೆ ಇನ್ಸುಲೇಷನ್‌ಗೆ ಹಾಕುವ ಲೆದರಾಯ್ಡ್ ಪೇಪರ್ ಮೂರು ಸುತ್ತು. ಆಮೇಲೆ ಬಿಸಿ ಮಾಡಿ, ವಾರ್ನಿಷ್‌ನಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ಪೂರ್ತಿ ನಿಲ್ಲುವವರೆಗೆ ಕಾದೆವು. ಒಳಗೆ ಒಂದು ಗುಳ್ಳೆ ಉಳಿದರೂ ಅಲ್ಲೇ ಕಿಡಿ ಹುಟ್ಟಿ ನಿಧಾನಕ್ಕೆ ತಿನ್ನುತ್ತಾ ಹೋಗುತ್ತದೆ. ಬೇಲಿಗೆ ಹೋಗುವ ಎರಡು ಟರ್ಮಿನಲ್ ನಡುವೆ ಎರಡು ಇಂಚು ಬಿಟ್ಟಿದ್ದೇನೆ. ಬರಿ ಗಾಳಿಯಲ್ಲಿ ಅಷ್ಟು ಬೇಕಿಲ್ಲ. ಆದರೆ ನಮ್ಮ ಎರೆ ಮಣ್ಣಿನ ಧೂಳು ಕೂತು ಅದರ ಮೇಲೆ ಮಳೆಯ ಹಸಿ ಬಿದ್ದರೆ ಅದೇ ಒಂದು ತಂತಿ.

ಬ್ಯಾಟರಿ 12 ವೋಲ್ಟ್ 7 ಎಎಚ್, ಪ್ಯಾನೆಲ್ 10 ವ್ಯಾಟ್, ರಾತ್ರಿಯಿಡೀ ಖರ್ಚು ಎರಡು ಎಎಚ್ ಒಳಗೇ. ಬೇಲಿಗೆ ಜೋಡಿಸಿರುವಾಗ ಮನೆಯ ಚಾರ್ಜರ್ ಯಾವತ್ತೂ ಹಚ್ಚಬಾರದು. ಚಾರ್ಜರ್ ಒಳಗೆ ಸೋರಿದರೆ ಲೈನ್ ಕರೆಂಟೇ ತಂತಿಗೆ ಬರುತ್ತದೆ. ಹಾಗಾಗಿ ಚಾರ್ಜರ್ ಪಿನ್ ಹಾಕುವ ಜಾಗವನ್ನೇ ನಾನು ಇಟ್ಟಿಲ್ಲ. ಗುಡುಗು ಬಂದರೆ ಬೇಲಿ ವೈರ್ ಕಳಚುವುದು, ಬೇರೆ ಉಪಾಯ ಸಾಲದು.

ಇಷ್ಟೆಲ್ಲಾ ಒಳ್ಳೆಯ ಸಾಮಾನು ಹಾಕಿದ ಮೇಲೂ ಜನವರಿಯಲ್ಲಿ ಬೇಲಿ ಮೆತ್ತಗಾಯಿತು. ಈ ಸಲ ಡಬ್ಬಿಯಲ್ಲಿ ತಪ್ಪಿರಲಿಲ್ಲ, ನೆಲದಲ್ಲಿತ್ತು. ಎರೆಭೂಮಿ ಒಣಗಿದರೆ ಹೇಗೆ ಬಿರಿಯುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಕೈ ಹೋಗುವಷ್ಟು ಬಿರುಕು. ಅರ್ಥಿಂಗ್ ರಾಡ್ ಪಕ್ಕ ಬಗ್ಗಿ ನೋಡಿದರೆ ರಾಡ್ ಸುತ್ತಲೇ ಮಣ್ಣು ಬಿಟ್ಟುಕೊಂಡು ಬೆರಳು ತೂರುವಷ್ಟು ಸಂದಿ. ರಾಡ್ ಅಲುಗಾಡಿಸಿದರೆ ಗಡಗಡ ಎನ್ನುತ್ತಿತ್ತು. ಏಟು ಪ್ರಾಣಿಯ ಮೈಯಿಂದ ನೆಲಕ್ಕೆ ಇಳಿದು, ನೆಲದಿಂದ ಈ ರಾಡ್ ಹಿಡಿದು ಮಷಿನ್‌ಗೆ ವಾಪಸ್ ಬರಬೇಕು. ದಾರಿಯೇ ಕಡಿದಿದ್ದರೆ ಏಟು ಎಲ್ಲಿಂದ? ಎರಡು ಮೀಟರಿನ ರಾಡ್ ಮೂರನ್ನು ಬೋರ್‌ವೆಲ್ ನೀರು ಚೆಲ್ಲುವ ತಗ್ಗಿನ ಕಡೆ ಮೂರು ಮೂರು ಮೀಟರ್ ದೂರಕ್ಕೆ ಹೊಡೆದು, ಇದ್ದಲು-ಉಪ್ಪು ತುಂಬಿದೆವು. ಬೇಲಿಯ ತುದಿಯಲ್ಲಿ ಎರಡು ಸಾವಿರಕ್ಕೆ ಬಿದ್ದಿದ್ದ ವೋಲ್ಟೇಜ್ ಮತ್ತೆ ನಾಲ್ಕು ಸಾವಿರಕ್ಕೆ ಏರಿತು.

ಚಿಂಚೋಳಿ ಕಾಡು 2011ರಲ್ಲಿ ವನ್ಯಜೀವಿ ಧಾಮ ಆಯಿತು. ಕಾಡಿನ ಅಂಚಿನ ಹೊಲಗಳಿಗೆ ಹಂದಿ ಬರುವುದು, ಚಿಗರಿ ಬರುವುದು ನಿಲ್ಲುವುದಿಲ್ಲ. ಅವು ಬದುಕಬೇಕು, ಅಕ್ಕನ ತೊಗರಿಯೂ ಉಳಿಯಬೇಕು. ಬೆದರಿಸಿ ಕಳಿಸುವ ಏಟು ಸಾಕು ನನಗೆ.

ಹೋದ ಎಳ್ಳಮಾವಾಸ್ಯೆಗೆ ಮೊದಲು ಬಂಡಿ ದಾರಿ ಹೊಲಕ್ಕೆ ತಿರುಗುವ ಜಾಗದಲ್ಲೇ ದೊಡ್ಡ ಸ್ವಿಚ್ ಹಾಕಿದೆ, ಜೊತೆಗೆ ಪ್ರತಿ ಏಟಿಗೂ ಮಿನುಗುವ ಕೆಂಪು ದೀಪ. ಹಬ್ಬದ ದಿನ ಎಲ್ಲರಿಗಿಂತ ಮೊದಲು ಅಕ್ಕನ ಮಗಳು ಇಳಿದು ಓಡಿದಳು. "ಮಾಮಾ, ಬಂದ್ ಮಾಡೀನಿ!" ದೀಪ ನಿಂತಿತ್ತು. ಬೇಲಿ ನೋಡುವ ಟೆಸ್ಟರನ್ನು ಅವಳ ಕೈಗೆ ಕೊಟ್ಟೆ. ಅದರ ಕಡ್ಡಿಯನ್ನು ನೆಲಕ್ಕೆ ಚುಚ್ಚಿ, ಮೂರೂ ತಂತಿಗೆ ಒಂದೊಂದಾಗಿ ತಾಗಿಸಿ, ಪ್ರತಿ ಸಲ ಐದರವರೆಗೆ ಎಣಿಸಿ ನೋಡಿದಳು. ಒಂದು ಲೈಟೂ ಹತ್ತಲಿಲ್ಲ. ಆಮೇಲೆ ಅಕ್ಕ ತಲೆಯ ಮೇಲಿನ ಬುಟ್ಟಿ ಇಳಿಸಿದಳು.